ಟ್ರ್ಯಾಕಿಗಿಳಿಯುವ ಕಾರಿಗೆ ಎಂಥ ಬ್ರೇಕು?

ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈನಲ್ಲಿ 3.7 ಕಿಲೋಮೀಟರ್ ಉದ್ದದ ರೇಸ್ ಟ್ರ್ಯಾಕ್ ಇದೆ. ರೇಸ್ ಇಲ್ಲದ ಕೆಲವು ದಿನ ಅಲ್ಲಿ ‘ಟ್ರ್ಯಾಕ್ ಡೇ’ ನಡೆಯುತ್ತದೆ. ಹಣ ಕಟ್ಟಿದವರು ಹೆಲ್ಮೆಟ್ ಹಾಕಿಕೊಂಡು ತಮ್ಮ ಸ್ವಂತ ಕಾರನ್ನೇ ಮನಸಾರೆ ಓಡಿಸಬಹುದು. ಬೆಂಗಳೂರಿನಿಂದ ಹೋಗುವವರೂ ಇದ್ದಾರೆ. ವಾರವಿಡೀ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳಿದ ಕಾರೇ ವಾರದ ಕೊನೆಗೆ ಟ್ರ್ಯಾಕಿಗಿಳಿಯುತ್ತದೆ. ಇಂಥವರಲ್ಲಿ ಅನೇಕರು ಮೊದಲು ಯೋಚಿಸುವುದು ಎಂಜಿನ್ನಿನ ಶಕ್ತಿಯ ಬಗ್ಗೆ. ಬ್ರೇಕಿನ ಮಾತು ಬಂದರೂ ಅದು ದೊಡ್ಡ ಡಿಸ್ಕು, ಅದನ್ನು ಪ್ಯಾಡುಗಳಿಂದ ಅದುಮಿ ಹಿಡಿಯುವ ಬಣ್ಣದ ಕ್ಯಾಲಿಪರಿನ ಸುತ್ತಲೇ ತಿರುಗುತ್ತದೆ. ಅವನ್ನು ಹಾಕಿಸಿದರೆ ಕಾರು ಬೇಗ ನಿಲ್ಲುತ್ತದೆ ಎಂದು ನಂಬಿದವರು ಬಹಳ. ಆ ನಂಬಿಕೆ ತಪ್ಪು.

ಕಾರನ್ನು ಕೊನೆಗೂ ತಡೆಯುವುದು ಟೈರಿಗೂ ರಸ್ತೆಗೂ ನಡುವಿನ ಹಿಡಿತ. ಸುಸ್ಥಿತಿಯಲ್ಲಿರುವ ಯಾವುದೇ ಹೊಸ ಕಾಲದ ಕಾರಿನ ಪೆಡಲನ್ನು ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಎಚ್ಚೆತ್ತು ಪೆಡಲ್ ಪಾದದಡಿ ನಡುಗುತ್ತದೆ. ಕಂಪನಿ ಕೊಟ್ಟ ಬ್ರೇಕೇ ಟೈರಿನ ಹಿಡಿತವನ್ನು ಮೀರಿಸಿ ಚಕ್ರವನ್ನು ಲಾಕ್ ಮಾಡುವಷ್ಟು ಬಲವಾಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಒಣ ಡಾಂಬರಿನ ಮೇಲೆ ಘರ್ಷಣಾಂಕ 0.9 ಎಂದಿಟ್ಟುಕೊಂಡರೆ, ಗಂಟೆಗೆ 100 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಲು ಸುಮಾರು 44 ಮೀಟರ್ ಬೇಕು. ಈ ಲೆಕ್ಕದಲ್ಲಿ ಡಿಸ್ಕಿನ ಅಳತೆ ಎಲ್ಲೂ ಬರುವುದೇ ಇಲ್ಲ. ಒಂದೇ ಒಂದು ಸಲ ಬೇಗ ನಿಲ್ಲಬೇಕೆಂದರೆ ಒಳ್ಳೆಯ ಟೈರು ಹಾಕಿಸಬೇಕು.

ಹಾಗಾದರೆ ಬ್ರೇಕನ್ನು ಸುಧಾರಿಸುವುದು ಏತಕ್ಕೆ? ಹತ್ತನೆಯ ಸಲ, ನಲವತ್ತನೆಯ ಸಲ ಒತ್ತಿದಾಗಲೂ ಅದು ಮೊದಲ ಸಲದಂತೆಯೇ ಹಿಡಿಯಲಿ ಎಂದು. ಅದಕ್ಕೆ ಅಡ್ಡ ಬರುವುದು ಶಾಖ.

ಚಾಲಕನೂ ಸೇರಿ 1,200 ಕಿಲೋ ತೂಗುವ ಹ್ಯಾಚ್‌ಬ್ಯಾಕ್ ಒಂದನ್ನು ತೆಗೆದುಕೊಳ್ಳಿ. ನೇರ ದಾರಿಯ ತುದಿಯಲ್ಲಿ ಅದು 150 ಕಿ.ಮೀ. ವೇಗದಿಂದ 60ಕ್ಕೆ ಇಳಿಯಬೇಕು. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಇಲ್ಲಿ ಕಳೆಯಬೇಕಾದದ್ದು ಸುಮಾರು 875 ಕಿಲೋಜೂಲ್. ಎರಡೂವರೆ ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರುವಷ್ಟು ಶಾಖ ಅದು, ಮೂರ್ನಾಲ್ಕು ಸೆಕೆಂಡಿನಲ್ಲಿ! ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಾಗಾಗಿ ಶೇ. 70ರಷ್ಟು ಕೆಲಸ ಮುಂದಿನ ಎರಡು ಡಿಸ್ಕುಗಳ ಪಾಲಿಗೆ. ಒಂದೊಂದು ಡಿಸ್ಕು 6 ಕಿಲೋ ಎರಕದ ಕಬ್ಬಿಣ ಎಂದುಕೊಂಡರೆ, ಈ ಒಂದೇ ಒತ್ತಿಗೆ ಅದರ ಬಿಸಿ ನೂರು ಡಿಗ್ರಿಗೂ ಹೆಚ್ಚು ಏರುತ್ತದೆ. ಅದು ಆರುವುದರೊಳಗೆ ಮುಂದಿನ ತಿರುವು ಬಂದಿರುತ್ತದೆ. ಕೆಲವೇ ಸುತ್ತುಗಳಲ್ಲಿ ಡಿಸ್ಕು 500 ಡಿಗ್ರಿ ದಾಟುವುದು ಅಪರೂಪವೇನಲ್ಲ. ಊರೊಳಗೆ ಓಡುವ ಕಾರು ಈ ಸ್ಥಿತಿಯ ಹತ್ತಿರಕ್ಕೂ ಬರುವುದಿಲ್ಲ.

ಡಿಸ್ಕ್ ಬ್ರೇಕಿಗೆ ಹೆಸರು ಬಂದದ್ದೂ ಈ ಶಾಖದಿಂದಲೇ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಆದರೂ ಅರ್ಧ ಶತಮಾನ ಡ್ರಮ್ ಬ್ರೇಕಿನದೇ ರಾಜ್ಯ. 1953ರ ಲ ಮಾನ್ 24 ಗಂಟೆಗಳ ರೇಸಿಗೆ ಜಾಗ್ವಾರ್ ತನ್ನ ಸಿ-ಟೈಪ್ ಕಾರುಗಳಿಗೆ ಡನ್‌ಲಪ್ ಕಂಪನಿಯ ಡಿಸ್ಕ್ ಬ್ರೇಕ್ ಹಾಕಿ ತಂದಿತು. ಡ್ರಮ್ ಕಾದರೆ ಹೊರಕ್ಕೆ ಹಿಗ್ಗಿ, ಒಳಗಿನಿಂದ ಅದನ್ನು ಒತ್ತಿ ಹಿಡಿಯುವ ಶೂಗಳಿಂದ ದೂರ ಸರಿಯುತ್ತದೆ, ಶಾಖವೂ ಅದರೊಳಗೇ ಉಳಿದುಬಿಡುತ್ತದೆ. ಡಿಸ್ಕು ಗಾಳಿಗೆ ತೆರೆದುಕೊಂಡಿರುತ್ತದೆ. ಎದುರಾಳಿಗಳು ಡ್ರಮ್ಮುಗಳನ್ನು ಉಳಿಸಿಕೊಳ್ಳಲು ಬೇಗನೆ ವೇಗ ತಗ್ಗಿಸಬೇಕಾದ ಕಡೆ ಜಾಗ್ವಾರ್ ಚಾಲಕರು ಇನ್ನಷ್ಟು ಮುಂದೆ ಹೋಗಿ ಬ್ರೇಕ್ ಒತ್ತಿದರು. ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗೆದ್ದರು, ಅದೂ ಸರಾಸರಿ 170 ಕಿ.ಮೀ. ವೇಗದಲ್ಲಿ.

ಹವ್ಯಾಸಿಯ ಕಾರಿನಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಡಿಸ್ಕಲ್ಲ, ಗ್ಯಾರೇಜಿನವರು ಬ್ರೇಕ್ ಆಯಿಲ್ ಎನ್ನುವ ದ್ರವ. ಪೆಡಲಿನ ಒತ್ತಡವನ್ನು ಕ್ಯಾಲಿಪರಿನ ಪಿಸ್ಟನ್ನಿಗೆ ಮುಟ್ಟಿಸುವುದು ಅದೇ. ದ್ರವವನ್ನು ಅದುಮಿ ಕುಗ್ಗಿಸಲಾಗದು ಎಂಬ ಗುಣದ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಡಿಸ್ಕಿನ ಶಾಖ ಪ್ಯಾಡಿಗೆ, ಪ್ಯಾಡಿನಿಂದ ಪಿಸ್ಟನ್ನಿಗೆ, ಅಲ್ಲಿಂದ ಆಯಿಲಿಗೆ ದಾಟಿ ಆಯಿಲ್ ಕುದಿಯಿತೆಂದರೆ ಒಳಗೆ ಆವಿಯ ಗುಳ್ಳೆಗಳೇಳುತ್ತವೆ. ಆವಿ ಕುಗ್ಗುತ್ತದೆ. ಒತ್ತಿದ ಪೆಡಲ್ ನೆಲ ಮುಟ್ಟುತ್ತದೆ, ಕಾರು ಮುಂದಕ್ಕೇ ಹೋಗುತ್ತದೆ. ಆರಿದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲ್ ಬಹುಮಟ್ಟಿಗೆ ಸರಿಹೋಗುವುದರಿಂದ, ಮೆಕ್ಯಾನಿಕ್ ನೋಡುವ ಹೊತ್ತಿಗೆ ದೋಷವೇ ಕಾಣದಿರಬಹುದು.

ಈ ಆಯಿಲಿಗೆ ಇನ್ನೊಂದು ಗುಣವಿದೆ: ಗಾಳಿಯ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಕುಸಿಯುತ್ತದೆ. ಡಾಟ್ 5.1ಕ್ಕೆ ಈ ಅಂಕಿಗಳು 260 ಮತ್ತು 180. ಮಂಗಳೂರು, ಉಡುಪಿಯಂಥ ಒದ್ದೆ ಹವೆಯ ಊರಿನ ಕಾರಿನಲ್ಲಿ ನಾಲ್ಕೈದು ವರ್ಷ ಬದಲಾಗದೆ ಉಳಿದ ಆಯಿಲನ್ನು ಟ್ರ್ಯಾಕಿಗೆ ಒಯ್ಯುವುದು ಅಪಾಯವನ್ನು ಜೊತೆಗೆ ಕೂರಿಸಿಕೊಂಡಂತೆ. ಚಾರ್ಮಾಡಿ, ಶಿರಾಡಿ ಘಾಟಿ ಇಳಿಯುವಾಗ ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟವರ ಕಾರಿನಲ್ಲೂ ಇದೇ ಆಗಬಹುದು. ಕೆಳಗಿನ ಗೇರಿನಲ್ಲಿ ಇಳಿಯಿರಿ ಎಂದು ಹಳೆಯ ಡ್ರೈವರುಗಳು ಹೇಳುವುದಕ್ಕೆ ಕಾರಣವೂ ಇದೇ. ಸಿಲಿಕೋನ್‌ನಿಂದ ಮಾಡಿದ ಡಾಟ್ 5 ಎಂಬುದು ಬೇರೆಯೇ ವಸ್ತು. ಹೆಸರು ಹತ್ತಿರವಿದೆ ಎಂದು ಅದನ್ನು ಇವುಗಳ ಜೊತೆ ಬೆರೆಸಲೇಬಾರದು.

ಆದ್ದರಿಂದ ಮೊದಲ ಖರ್ಚು ಹೊಸ ಆಯಿಲಿಗೆ ಮತ್ತು ಲೈನಿನ ಗಾಳಿ ತೆಗೆಸುವುದಕ್ಕೆ. ಎರಡನೆಯದು ಪ್ಯಾಡಿಗೆ. ದಿನಬಳಕೆಯ ಪ್ಯಾಡನ್ನು ಬಿಗಿಯಾಗಿ ಕಟ್ಟಿಡುವ ರಾಳ ಅತಿಯಾಗಿ ಕಾದರೆ ಒಡೆದು ಅನಿಲ ಬಿಡುತ್ತದೆ. ಆಗ ಪೆಡಲ್ ಕಲ್ಲಿನಂತೆ ಗಟ್ಟಿ, ಹಿಡಿತ ಮಾತ್ರ ಇಲ್ಲ. ಆಯಿಲ್ ಕುದಿದಾಗ ಪೆಡಲ್ ಮೆತ್ತಗಾಗುತ್ತದೆ, ಪ್ಯಾಡ್ ಸೋತಾಗ ಗಟ್ಟಿಯಾಗಿಯೇ ಇರುತ್ತದೆ. ಈ ವ್ಯತ್ಯಾಸವನ್ನು ಟ್ರ್ಯಾಕಿಗಿಳಿಯುವ ಪ್ರತಿಯೊಬ್ಬರ ಕಾಲೂ ಗುರುತಿಸಬೇಕು.

ಹಾಗೆಂದು ಅಪ್ಪಟ ರೇಸಿನ ಪ್ಯಾಡ್ ಹಾಕಿಸಿ ಊರಲ್ಲಿ ಓಡಾಡುವುದು ಜಾಣತನವಲ್ಲ. ಆ ಪ್ಯಾಡುಗಳು ಚೆನ್ನಾಗಿ ಕಾದ ಮೇಲೆಯೇ ಕಚ್ಚುವುದು. ಬೆಳಗ್ಗೆ ಮನೆಯಿಂದ ಹೊರಟ ಎರಡನೇ ನಿಮಿಷಕ್ಕೆ ಮಗುವೊಂದು ರಸ್ತೆಗೆ ಓಡಿ ಬಂದರೆ ಬೇಕಾಗುವುದು ತಣ್ಣಗಿದ್ದಾಗಲೂ ಹಿಡಿಯುವ ಪ್ಯಾಡು. ಮೇಲಾಗಿ ಅವು ಕಿರುಚುತ್ತವೆ, ಕಪ್ಪು ಪುಡಿ ಸುರಿಸುತ್ತವೆ, ಡಿಸ್ಕನ್ನು ಬೇಗ ಸವೆಸುತ್ತವೆ. ಎರಡೂ ಕೆಲಸಕ್ಕೆ ಒಂದೇ ಕಾರು ಇದ್ದವರಿಗೆ ನಡುವಿನ ದರ್ಜೆಯ ಪ್ಯಾಡ್ ಸಾಕು ಎಂಬುದು ನನ್ನ ಅಭಿಪ್ರಾಯ. ವೇಗದ ಹುಚ್ಚು ಹೆಚ್ಚಿದ್ದರೆ ಟ್ರ್ಯಾಕಿನಲ್ಲೇ ಪ್ಯಾಡ್ ಬದಲಿಸಿಕೊಳ್ಳಬಹುದು. ಯಾವುದೇ ಹೊಸ ಪ್ಯಾಡನ್ನು ಮೊದಲು ಪಳಗಿಸಬೇಕು. ಖಾಲಿ ರಸ್ತೆಯಲ್ಲಿ ಹಲವು ಸಲ ವೇಗ ತಗ್ಗಿಸಿ, ಪೂರ್ತಿ ನಿಲ್ಲಿಸದೆ, ಬಳಿಕ ಆರಲು ಬಿಟ್ಟರೆ ಡಿಸ್ಕಿನ ಮೇಲೆ ಪ್ಯಾಡಿನ ತೆಳು ಪದರ ಸಮನಾಗಿ ಕೂರುತ್ತದೆ. ಅದು ಸಮನಾಗಿ ಕೂರದಿದ್ದರೆ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಅದುರುತ್ತದೆ. ಡಿಸ್ಕು ಬೆಂಡಾಗಿದೆ ಎಂದು ಹಲವರು ದೂರುವುದು ಬಹುಪಾಲು ಇದನ್ನೇ.

ತೂತು ಕೊರೆದ ಡಿಸ್ಕು ನೋಡಲು ಚೆಂದ. ಟ್ರ್ಯಾಕಿನ ಶಾಖಕ್ಕೆ ಆ ತೂತುಗಳ ಅಂಚಿನಿಂದಲೇ ಬಿರುಕು ಹುಟ್ಟುತ್ತದೆ. ಒಳಗೆ ಗಾಳಿಯಾಡುವ, ಮೇಲೆ ನಯವಾದ ಸಾದಾ ಡಿಸ್ಕೇ ಹವ್ಯಾಸಿಗೆ ವಾಸಿ.

ಭಾರದ ಕಾರು, ಅಂಟುವ ಟೈರು, ಪಳಗಿದ ಚಾಲಕ ಮೂರೂ ಸೇರಿದಾಗ ಮಾತ್ರ ದೊಡ್ಡ ಬ್ರೇಕ್ ಕಿಟ್ಟಿಗೆ ಅರ್ಥವಿದೆ. ಹೆಚ್ಚು ಕಬ್ಬಿಣ ಹೆಚ್ಚು ಶಾಖ ಹಿಡಿಯುತ್ತದೆ, ದೊಡ್ಡ ಡಿಸ್ಕು ಹೆಚ್ಚು ಶಾಖವನ್ನು ಗಾಳಿಗೆ ಬಿಡುತ್ತದೆ ಕೂಡ. ಆದರೆ ಮುಂದಿನ ಚಕ್ರಕ್ಕೆ ಮಾತ್ರ ದೊಡ್ಡ ಕ್ಯಾಲಿಪರ್ ಕೂರಿಸಿದರೆ ಕಂಪನಿಯ ಎಂಜಿನಿಯರುಗಳು ಅಳೆದು ಸುರಿದು ಇಟ್ಟ ಮುಂದು ಹಿಂದಿನ ಸಮತೋಲ ತಪ್ಪುತ್ತದೆ. ಹಿಂದಿನ ಬ್ರೇಕಿನ ಪಾಲು ತಗ್ಗಿ ನಿಲ್ಲುವ ದೂರ ಹೆಚ್ಚಲೂಬಹುದು. ನಮ್ಮ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ಒಪ್ಪುವುದಿಲ್ಲ ಎಂಬುದೂ ನೆನಪಿರಲಿ.

ಟ್ರ್ಯಾಕಿನಲ್ಲಿ ಕೊನೆಯ ಸುತ್ತನ್ನು ನಿಧಾನವಾಗಿ, ಬ್ರೇಕ್ ಮುಟ್ಟದಂತೆ ಓಡಿಸಿ ಡಿಸ್ಕು ಆರಲು ಬಿಡಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡಗಲ್ಲು ಕೊಡಿ. ಬೆಂಗಳೂರಿನವರಿಗೆ ಅಲ್ಲಿಂದ ಮನೆಗೆ ಸುಮಾರು 300 ಕಿಲೋಮೀಟರ್ ಹೆದ್ದಾರಿ ಇದೆ, ಹೋಗುವುದು ಅದೇ ಬ್ರೇಕಿನಲ್ಲಿ. ಹೊರಡುವ ಮುನ್ನ ಚಕ್ರ ಬಿಚ್ಚಿಸಿ ಪ್ಯಾಡ್ ಎಷ್ಟು ಉಳಿದಿದೆ ನೋಡಿ, ಪೆಡಲ್ ಗಟ್ಟಿಯಿದೆಯೇ ಒತ್ತಿ ಪರೀಕ್ಷಿಸಿ, ಸ್ವಲ್ಪ ಅನುಮಾನ ಬಂದರೂ ಅಲ್ಲೇ ಗಾಳಿ ತೆಗೆಸಿಕೊಂಡು ಹೊರಡಿ.