ಹರಿವಿನಿಂದ ಅಣುವಿನ ಉದ್ದವನ್ನು ಅರಿಯುವ ಬಗೆ

ಪಾಕವು ಹದಕ್ಕೆ ಬಂದಿತೋ ಇಲ್ಲವೋ ಎಂಬುದನ್ನು ಅಡುಗೆಯವರು ಎರಡು ಬೆರಳುಗಳ ನಡುವಣ ಎಳೆಯಿಂದಲೇ ನಿರ್ಣಯಿಸುವರು. ಅಲ್ಲಿ ಪಾಕವು ಮಂದವಾಗುವುದು ಸಕ್ಕರೆಯ ಅಂಶ ಹೆಚ್ಚಿದುದರಿಂದ. ಆದರೆ ನೂರು ಪಾಲು ಬೆಂಜೀನಿನಲ್ಲಿ ಒಂದೇ ಪಾಲು ರಬ್ಬರನ್ನು ಕರಗಿಸಿದರೂ ದ್ರಾವಣವು ಎದ್ದು ಕಾಣುವಷ್ಟು ಮಂದವಾಗುತ್ತದೆ. ಇಷ್ಟು ಅಲ್ಪ ವಸ್ತುವಿನಿಂದ ಅಷ್ಟು ಮಂದತೆ ಬರಲು ಕಾರಣವೇನು?

ಸಣ್ಣ ಅಣುಗಳು ಸಡಿಲವಾಗಿ ಗುಂಪುಗೂಡಿರುವುದೇ ಕಾರಣವೆಂದು ಹಲವು ವಿದ್ವಾಂಸರು ನಂಬಿದ್ದರು. ಜರ್ಮನಿಯ ರಸಾಯನಶಾಸ್ತ್ರಜ್ಞ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಇದನ್ನು ಅಲ್ಲಗಳೆದು, ರಬ್ಬರು ಮೊದಲಾದವು ಸಾಮಾನ್ಯ ರಾಸಾಯನಿಕ ಬಂಧಗಳಿಂದಲೇ ಹೆಣೆದ ನೀಳವಾದ ಸರಪಳಿಗಳೆಂದು ವಾದಿಸಿದರು. ಸರಪಳಿ ನೀಳವಾದಷ್ಟೂ ದ್ರಾವಣದ ಸ್ನಿಗ್ಧತೆಯು ಅದೇ ಪ್ರಮಾಣದಲ್ಲಿ ಹೆಚ್ಚುವುದೆಂಬ ನಿಯಮವನ್ನು 1930ರಲ್ಲಿ ಮುಂದಿಟ್ಟರು. 1953ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಅಳತೆಯ ಕ್ರಮ ಸರಳವಾದುದು. ಗಾಜಿನ ಲೋಮನಾಳದ ಮೂಲಕ ಶುದ್ಧ ದ್ರಾವಕವು ಹರಿಯಲು 100 ಸೆಕೆಂಡೂ, ಪಾಲಿಮರ್ ಬೆರೆತ ದ್ರಾವಣವು ಹರಿಯಲು 120 ಸೆಕೆಂಡೂ ಬೇಕಾದರೆ, ಸ್ನಿಗ್ಧತೆಯು ಸುಮಾರು ಐದನೆಯ ಒಂದು ಪಾಲು ಹೆಚ್ಚಿತೆಂದು ಅರ್ಥ. ಈ ಹೆಚ್ಚಳವನ್ನು ದ್ರಾವಣದ ಸಾಂದ್ರತೆಯಿಂದ ಭಾಗಿಸಬೇಕು. ಸರಪಳಿಗಳು ಒಂದನ್ನೊಂದು ತಡೆಯುವುದರಿಂದ, ದ್ರಾವಣವನ್ನು ಹಂತಹಂತವಾಗಿ ತೆಳುಗೊಳಿಸಿ ಅಳೆದು, ಸಾಂದ್ರತೆ ಶೂನ್ಯವಾದಾಗ ದೊರೆಯತಕ್ಕ ಬೆಲೆಯನ್ನು ನಕ್ಷೆಯಿಂದ ಕಂಡುಕೊಳ್ಳಬೇಕು. ಇದೇ ಅಂತಸ್ಥ ಸ್ನಿಗ್ಧತೆ.

ಆದರೆ ಸ್ಟೌಡಿಂಗರರು ಸರಪಳಿಯನ್ನು ನೆಟ್ಟನೆಯ ಕಡ್ಡಿಯೆಂದು ಭಾವಿಸಿದ್ದರು. ಬಹುಪಾಲು ಸರಪಳಿಗಳು ವಾಸ್ತವವಾಗಿ ನೂಲಿನ ಸಿಕ್ಕಿನಂತೆ ಸುರುಳಿಗೊಂಡಿರುವುವು. ಆದುದರಿಂದ, ಮಾರ್ಕ್ ಮತ್ತು ಹೌವಿಂಕರ ಹೆಸರಿನ ಸೂತ್ರದಂತೆ, ಅಂತಸ್ಥ ಸ್ನಿಗ್ಧತೆಯು ಅಣುತೂಕದ ಒಂದು ಘಾತವನ್ನು ಅನುಸರಿಸುತ್ತದೆ. ಸುರುಳಿಗೊಂಡ ಸರಪಳಿಗಳಲ್ಲಿ ಈ ಘಾತವು ಸಾಮಾನ್ಯವಾಗಿ 0.5ರಿಂದ 0.8ರವರೆಗೆ ಇರುತ್ತದೆ. ಅದು 0.7 ಆಗಿದ್ದಲ್ಲಿ, ಅಂತಸ್ಥ ಸ್ನಿಗ್ಧತೆ ಇಮ್ಮಡಿಯಾದಾಗ ಅಣುತೂಕವು ಸುಮಾರು 2.7 ಪಟ್ಟಾಗಿರುತ್ತದೆ, ಹಳೆಯ ನಿಯಮವು ಇಮ್ಮಡಿಯೆಂದಷ್ಟೇ ಹೇಳೀತು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಸೂತ್ರದ ಸ್ಥಿರಾಂಕಗಳು ಪಾಲಿಮರ್, ದ್ರಾವಕ, ಉಷ್ಣತೆ ಇವುಗಳಿಗೆ ತಕ್ಕಂತೆ ಬೇರೆಬೇರೆ. ಅವನ್ನು ಪರಾಸರಣ ಒತ್ತಡ ಅಥವಾ ಬೆಳಕಿನ ಚದರಿಕೆಯ ಅಳತೆಯಿಂದ ಮೊದಲು ಗೊತ್ತುಪಡಿಸಬೇಕು. ಬಟ್ಟುಗಳಿಲ್ಲದ ತಕ್ಕಡಿಯಿಂದ ತೂಕ ತಿಳಿಯದಲ್ಲವೆ? ಉದ್ದವು ಎಲ್ಲ ಸರಪಳಿಗಳಲ್ಲಿ ಒಂದೇ ಸಮನಾಗಿರದುದರಿಂದ, ದೊರೆಯುವುದು ಸರಾಸರಿ ಮಾತ್ರ.

ಕಾಯಿಸಿ ದ್ರವಿಸಿದ ಪಾಲಿಮರಿನಲ್ಲಿ ಉದ್ದದ ಪ್ರಭಾವ ಇನ್ನೂ ತೀವ್ರ. ಸರಪಳಿಗಳು ಒಂದರೊಡನೊಂದು ಸಿಕ್ಕುಗೊಳ್ಳುವಷ್ಟು ನೀಳವಾದ ಮೇಲೆ, ಅದರ ಸ್ನಿಗ್ಧತೆಯು ಅಣುತೂಕದ ಸುಮಾರು 3.4ನೆಯ ಘಾತದಂತೆ ಏರುತ್ತದೆ. ಸರಪಳಿಯ ಉದ್ದ ಇಮ್ಮಡಿಯಾದರೆ ಸ್ನಿಗ್ಧತೆಯು ಹತ್ತು ಪಟ್ಟಿಗೂ ಮಿಗಿಲಾಗುವುದು. ಪ್ಲಾಸ್ಟಿಕ್ ಕಾರ್ಖಾನೆಗಳಲ್ಲಿ ಹರಿವಿನ ಪರೀಕ್ಷೆಗೆ ಇಷ್ಟು ಮಹತ್ವ ಬಂದಿರುವುದು ಇದರಿಂದಲೇ.