ಧೈರ್ಯ ತುಂಬುವುದೂ ಒಂದು ವರದಾನ



ಪವಿತ್ರಾತ್ಮರ ವರದಾನ ಅಂದ ಕೂಡಲೇ ರೋಗ ಗುಣಪಡಿಸುವುದು, ಬಹುಭಾಷೆಗಳಲ್ಲಿ ಮಾತನಾಡುವುದು ಇಂಥವೇ ನಮ್ಮ ನೆನಪಿಗೆ ಬರುತ್ತವೆ. ಆದರೆ ಸಂತ ಪೌಲರು ರೋಮಿನ ಕ್ರೈಸ್ತರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಸೇವೆ, ಬೋಧನೆ, ದಾನ ಇವುಗಳ ಸಾಲಿನಲ್ಲೇ ಇನ್ನೊಬ್ಬರಿಗೆ ಧೈರ್ಯ ತುಂಬುವುದನ್ನೂ ಸೇರಿಸಿದ್ದಾರೆ. ಇದು ಗದ್ದಲವಿಲ್ಲದ ವರದಾನ. ಎಷ್ಟೋ ಸಲ ಇದ್ದವರಿಗೇ ಗೊತ್ತಿರೋದಿಲ್ಲ.

ಇದನ್ನು ತಿಳಿಯಲು ಬಾರ್ನಬರನ್ನು ನೋಡಿ. ಸೈಪ್ರಸ್ ದ್ವೀಪದ ಇವರ ಮೊದಲ ಹೆಸರು ಜೋಸೆಫ. ‘ಧೈರ್ಯ ತುಂಬುವವನು’ ಎಂಬ ಅರ್ಥದಲ್ಲಿ ಬಾರ್ನಬ ಎಂದು ಹೆಸರಿಟ್ಟವರು ಪ್ರೇಷಿತರು. ಕ್ರೈಸ್ತರನ್ನು ಹಿಡಿದು ಸೆರೆಗೆ ಹಾಕಿಸುತ್ತಿದ್ದ ಸೌಲ, ಅಂದರೆ ಮುಂದೆ ಸಂತ ಪೌಲರಾದವರು, ಮನಸ್ಸು ತಿರುಗಿ ಜೆರುಸಲೇಮಿಗೆ ಬಂದಾಗ ಯಾರೂ ಹತ್ತಿರ ಸೇರಿಸಲಿಲ್ಲ. ಹೆದರಿಕೆ ಸಹಜವೇ ತಾನೆ? ಬಾರ್ನಬ ಅವರನ್ನು ಪ್ರೇಷಿತರ ಬಳಿಗೆ ಕರೆದೊಯ್ದು ನಡೆದದ್ದನ್ನೆಲ್ಲ ವಿವರಿಸಿದರು. ನಮ್ಮ ಸಂಘದ ಮಾತಲ್ಲಿ ಹೇಳೋದಾದರೆ ಜಾಮೀನು ನಿಂತರು.

ಆಮೇಲೆ ಮಾರ್ಕನ ಸಂಗತಿ. ಸುವಾರ್ತಾ ಪ್ರಯಾಣದ ಮಧ್ಯದಲ್ಲೇ ಇವನು ಬಿಟ್ಟುಹೋಗಿದ್ದ. ಇನ್ನೊಮ್ಮೆ ಹೊರಟಾಗ ಅವನು ಬೇಡವೇ ಬೇಡ ಅಂತ ಪೌಲರು ಹಟ ಹಿಡಿದರು. ಬಾರ್ನಬ ಪೌಲರಿಂದಲೇ ಬೇರೆಯಾಗಿ ಮಾರ್ಕನನ್ನು ಜೊತೆಗೆ ಕರೆದುಕೊಂಡು ಹೋದರು. ಮುಂದೆ ತಿಮೊಥೇಯನಿಗೆ ಬರೆದ ಎರಡನೇ ಪತ್ರದಲ್ಲಿ, ಮಾರ್ಕ ತಮಗೆ ಉಪಯೋಗಕ್ಕೆ ಬರುತ್ತಾನೆ, ಕರೆತರಬೇಕು ಎಂದು ಪೌಲರೇ ಹೇಳಿಕಳಿಸುತ್ತಾರೆ!

ನಮ್ಮ ಸಂಘಗಳಲ್ಲೂ ಇಂಥ ಸಂದರ್ಭ ಬರುತ್ತದೆ. ಕಂತು ಬಾಕಿಯಾದ ಸದಸ್ಯೆ ನಾಚಿಕೆಯಿಂದ ವಾರದ ಸಭೆಗೆ ಬರುವುದನ್ನೇ ಬಿಡುತ್ತಾಳೆ. ಆಗ ಹತ್ತು ಜನ ಗುಂಪಾಗಿ ಅವಳ ಬಾಗಿಲಿಗೆ ಹೋದರೆ ಬೀದಿಯೆಲ್ಲ ನೋಡುತ್ತದೆ, ಅವಳು ಇನ್ನಷ್ಟು ದೂರವಾಗುತ್ತಾಳೆ. ಈ ವರದಾನ ಇರುವವರು ಒಬ್ಬರೇ ಹೋಗಿ, ಮೊದಲು ಅವಳ ಕಷ್ಟ ಕೇಳಲಿ. ಹಾಗಂತ “ಏನೂ ಆಗಲ್ಲ, ಬಿಡಕ್ಕ” ಅನ್ನುವುದು ಧೈರ್ಯ ತುಂಬುವುದಲ್ಲ. ಅದು ಎಲ್ಲರ ಉಳಿತಾಯದ ಹಣ, ಮನ್ನಾ ಮಾಡಲು ಒಬ್ಬರಿಗೆ ಅಧಿಕಾರವಿಲ್ಲ. ವಾರಕ್ಕೆ ಎಷ್ಟು ಕಟ್ಟಲು ಸಾಧ್ಯ ಅಂತ ಜೊತೆಯಲ್ಲಿ ಕೂತು ಲೆಕ್ಕ ಹಾಕಬೇಕು, ಸಭೆಗೆ ಕರೆತಂದು ಅವಳ ಪಕ್ಕದಲ್ಲೇ ಕೂರಬೇಕು. ಅವಳ ಮನೆಯಲ್ಲಿ ಕೇಳಿದ ಗುಟ್ಟು ನಲ್ಲಿ ಹತ್ತಿರ ಹೋದರೆ ಮಾತ್ರ ಎಲ್ಲ ಅಲ್ಲಿಗೇ ಮುಗೀತು.

ಈ ವರ ನಮ್ಮಲ್ಲಿದೆಯಾ ಅಂತ ತಿಳಿಯೋದು ಹೇಗೆ? ಜನ ತಾವಾಗಿಯೇ ನಿಮ್ಮ ಹತ್ತಿರ ಕಷ್ಟ ಹೇಳಿಕೊಳ್ಳುತ್ತಾರಾ? ಹೇಳಿ ಹೋಗುವಾಗ ಹಗುರಾಗಿ ಹೋಗುತ್ತಾರಾ? ನಮಗಿಂತ ಚೆನ್ನಾಗಿ ಸಂಘದ ಸೋದರಿಯರಿಗೆ ಇದು ಗೊತ್ತಿರುತ್ತದೆ, ಅವರನ್ನೇ ಕೇಳಿ. ಮುಂದಿನ ಸಭೆಯಲ್ಲಿ ಹಾಜರಿ ಕರೆದಾಗ ಯಾರ ಹೆಸರಿಗೆ ಉತ್ತರ ಬರಲಿಲ್ಲ ಎಂದು ಗಮನಿಸಿ, ಅವರ ಮನೆಗೆ ಯಾರು ಹೋಗಬೇಕೆಂದು ಅಲ್ಲೇ ಮಾತಾಡಿಕೊಳ್ಳಿ.