ಎದೆಯ ಸ್ಕ್ಯಾನಿನಲ್ಲಿ ಯಾರೂ ಓದದೆ ಉಳಿದ ಇನ್ನೊಂದು ಸ್ಕೋರು

2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಮುಂಬೈಯಿಂದಾಗಲಿ ದೆಹಲಿಯಿಂದಾಗಲಿ ಊರಿಗೆ ಫೋನ್ ಮಾಡಿದರೆ ಮೊದಲು ಬರುತ್ತಿದ್ದ ಪ್ರಶ್ನೆ, “ಸ್ಕೋರ್ ಎಷ್ಟು ಬಂತು?” ಕೋವಿಡ್ ಎರಡನೇ ಅಲೆಯ ಆ ದಿನಗಳಲ್ಲಿ ಎದೆಯ ಸಿಟಿ ಸ್ಕ್ಯಾನ್ ಮಾಡಿಸಿದವರು 25ಕ್ಕೆ 6, 25ಕ್ಕೆ 14 ಎಂದು ಪರೀಕ್ಷೆಯ ಅಂಕ ಹೇಳುವಂತೆ ಹೇಳುತ್ತಿದ್ದರು. ಶ್ವಾಸಕೋಶದಲ್ಲಿ ಸೋಂಕು ಎಷ್ಟು ಹಬ್ಬಿದೆ ಎನ್ನುವ ಲೆಕ್ಕ ಅದು. ಅಲೆ ಇಳಿಯಿತು. ಫಿಲ್ಮು, ಸಿಡಿ ಇದ್ದ ದೊಡ್ಡ ಕವರುಗಳು ಕಪಾಟು ಸೇರಿದವು.

ಆದರೆ ಎರಡು ಶ್ವಾಸಕೋಶಗಳ ನಡುವೆ ಕುಳಿತಿರುವ ಹೃದಯವನ್ನು ಬಿಟ್ಟು ಎದೆಯ ಚಿತ್ರ ತೆಗೆಯಲು ಬರುವುದಿಲ್ಲ. ಹೃದಯಕ್ಕೇ ರಕ್ತ ಕೊಡುವ ಕರೊನರಿ ರಕ್ತನಾಳಗಳಲ್ಲಿ ಕ್ಯಾಲ್ಸಿಯಂ ಕಟ್ಟಿಕೊಂಡಿದ್ದರೆ ಅದೂ ಬಿಳಿ ಚುಕ್ಕೆಗಳಾಗಿ ಆ ಚಿತ್ರಗಳಲ್ಲಿ ಬಿದ್ದಿರುತ್ತದೆ. ಎಂದರೆ 25ರ ಸ್ಕೋರಿನ ಜೊತೆಗೆ ಇನ್ನೊಂದು ಸ್ಕೋರೂ ಆ ಸಿಡಿಯಲ್ಲಿ ಇದೆ, ಅದನ್ನು ಯಾರೂ ಕೇಳಿರಲಿಲ್ಲ ಅಷ್ಟೆ. ಹೃದಯದ ಸಿಟಿ ಸ್ಕ್ಯಾನಿಗೆ ಮಷೀನ್ ಲರ್ನಿಂಗ್ ಬಂದದ್ದರಿಂದ ಜನಸಾಮಾನ್ಯರಿಗೆ ಆಗಬಹುದಾದ ದೊಡ್ಡ ಉಪಯೋಗ ಇಲ್ಲಿದೆ ಎಂದು ನನಗೆ ಅನಿಸುತ್ತದೆ. ಡಾಕ್ಟರನ್ನು ಮೀರಿಸುವ ಯಂತ್ರದ ಮಾತು ಹಾಗಿರಲಿ. ಈಗಾಗಲೇ ತೆಗೆದಿಟ್ಟ, ಆದರೆ ಯಾರಿಗೂ ಓದಲು ಪುರುಸೊತ್ತಿಲ್ಲದ ಚಿತ್ರವನ್ನು ಅದು ಓದಬಲ್ಲದು.

ಬಿಳಿ ಚುಕ್ಕೆಗೆ ಅಂಕ ಕೊಡುವುದು

ಸಿಟಿ ಸ್ಕ್ಯಾನ್ ಎಂದರೆ ನೋಟಕ್ಕೆ ಚಿತ್ರ, ಒಳಗೆ ಬರೀ ಸಂಖ್ಯೆ. ಸ್ಕ್ಯಾನರನ್ನು ರೂಪಿಸಿದವರು ಇಂಗ್ಲೆಂಡಿನ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್. 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ಆಯಿತು. 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಬಂತು. ದೇಹದ ಪ್ರತಿ ಬಿಂದು ಎಕ್ಸ್-ರೇಯನ್ನು ಎಷ್ಟು ತಡೆಯುತ್ತದೆ ಎನ್ನುವುದಕ್ಕೆ ಇಂದಿಗೂ ಹೌನ್ಸ್‌ಫೀಲ್ಡ್ ಅವರ ಹೆಸರಿನದೇ ಅಳತೆ. ನೀರಿಗೆ 0, ಗಾಳಿಗೆ ಮೈನಸ್ 1000, ಕೊಬ್ಬಿಗೆ ಸುಮಾರು ಮೈನಸ್ 100, ಮೂಳೆಗೆ ಹಲವು ನೂರು.

1990ರಲ್ಲಿ ಅಮೆರಿಕದ ಹೃದಯತಜ್ಞ ಆರ್ಥರ್ ಅಗಾಟ್‌ಸ್ಟನ್ ಮತ್ತು ಸಂಗಡಿಗರು ಕರೊನರಿ ಕ್ಯಾಲ್ಸಿಯಂಗೆ ಒಂದು ಲೆಕ್ಕ ಹಾಕಿಕೊಟ್ಟರು. 130 ದಾಟಿದ ಚುಕ್ಕೆಯನ್ನು ಮಾತ್ರ ಎಣಿಸಬೇಕು. ಅದರ ವಿಸ್ತೀರ್ಣವನ್ನು ಚದರ ಮಿಲಿಮೀಟರಿನಲ್ಲಿ ಅಳೆಯಬೇಕು. ಚುಕ್ಕೆಯ ಅತಿ ಹೆಚ್ಚಿನ ಮೌಲ್ಯ 130ರಿಂದ 199ರೊಳಗಿದ್ದರೆ 1ರಿಂದ, 200ರ ಮೇಲೆ 2ರಿಂದ, 300ರ ಮೇಲೆ 3ರಿಂದ, 400ರ ಮೇಲೆ 4ರಿಂದ ಗುಣಿಸಬೇಕು. 4 ಚದರ ಮಿ.ಮೀ. ಚುಕ್ಕೆಯ ಗರಿಷ್ಠ ಮೌಲ್ಯ 250 ಇದ್ದರೆ ಅದಕ್ಕೆ 8 ಅಂಕ. 6 ಚದರ ಮಿ.ಮೀ. ಚುಕ್ಕೆ 420 ಇದ್ದರೆ 24. ಎಲ್ಲ ಕೂಡಿಸಿದರೆ ಒಟ್ಟು ಸ್ಕೋರು. 0 ಎಂದರೆ ಕ್ಯಾಲ್ಸಿಯಂ ಕಾಣಿಸಲಿಲ್ಲ, 100 ದಾಟಿದರೆ ಗಮನ ಬೇಕು, 400 ದಾಟಿದರೆ ಬಹಳ ಹೆಚ್ಚು. ಕ್ಯಾಲ್ಸಿಯಂ ತಾನಾಗಿ ಹೃದಯಾಘಾತ ತರುವುದಿಲ್ಲ. ರಕ್ತನಾಳದ ಗೋಡೆಯಲ್ಲಿ ಜಿಡ್ಡು ಕಟ್ಟುತ್ತಾ ಬಂದು ಎಷ್ಟೋ ವರ್ಷಗಳಾಗಿವೆ ಎನ್ನುವುದರ ಗುರುತು ಅದು.

ನಿಯಮ ಸುಲಭ, ಜಾಗ ಕಷ್ಟ

ಸಾಫ್ಟ್‌ವೇರ್ ಕೆಲಸದಲ್ಲಿರುವ ಯಾರಿಗಾದರೂ ಇಲ್ಲೊಂದು ಅನುಮಾನ ಬರಬೇಕು. 130ಕ್ಕಿಂತ ಹೆಚ್ಚೇ ಎಂದು ನೋಡಲು ಮಷೀನ್ ಲರ್ನಿಂಗ್ ಯಾಕೆ, ಒಂದು ಸಾಲಿನ ಕೋಡ್ ಸಾಲದೇ?

ಸಾಲದು. ಎದೆಯಲ್ಲಿ 130 ದಾಟುವ ವಸ್ತುಗಳು ಬೇಕಾದಷ್ಟಿವೆ. ಪಕ್ಕೆಲುಬು, ಬೆನ್ನುಮೂಳೆ, ಮಹಾಪಧಮನಿಯ ಗೋಡೆಯಲ್ಲಿನ ಕ್ಯಾಲ್ಸಿಯಂ, ಹೃದಯದ ಕವಾಟದ ಮೇಲಿನ ಕ್ಯಾಲ್ಸಿಯಂ, ಹಿಂದೆ ಹಾಕಿದ ಸ್ಟೆಂಟು ಎಲ್ಲವೂ ಬೆಳ್ಳಗೆ ಹೊಳೆಯುತ್ತವೆ. ಇವುಗಳ ನಡುವೆ ಕೆಲವೇ ಮಿಲಿಮೀಟರ್ ಅಗಲದ ಕರೊನರಿ ನಾಳದೊಳಗಿನ ಚುಕ್ಕೆಯನ್ನಷ್ಟೇ ಆರಿಸಬೇಕು. ಕ್ಯಾಲ್ಸಿಯಂ ಸ್ಕೋರಿಗೆಂದೇ ಮಾಡುವ ಸ್ಕ್ಯಾನಿನಲ್ಲಿ ಇಸಿಜಿಗೆ ತಾಳ ಹಾಕಿ, ಹೃದಯ ಹೆಚ್ಚು ಅಲುಗದ ಕ್ಷಣದಲ್ಲಿ ಚಿತ್ರ ತೆಗೆಯುತ್ತಾರೆ. ಸಾಮಾನ್ಯ ಎದೆಯ ಸ್ಕ್ಯಾನಿನಲ್ಲಿ ಆ ಏರ್ಪಾಡು ಇರುವುದಿಲ್ಲ. ಹೃದಯ ಬಡಿಯುತ್ತಲೇ ಇರುವುದರಿಂದ ಚುಕ್ಕೆ ಮಸುಕಾಗಿ ಹರಡಿಕೊಳ್ಳುತ್ತದೆ.

ಒಂದೊಂದು ಹೋಳಿನ ಚಿತ್ರದಲ್ಲಿ 512 ಅಡ್ಡ, 512 ಉದ್ದ, ಅಂದರೆ 2.6 ಲಕ್ಷ ಬಿಂದುಗಳು. 300 ಹೋಳುಗಳಾದರೆ ಎಂಟು ಕೋಟಿಯ ಹತ್ತಿರ. ಪ್ರತಿ ಬಿಂದುವನ್ನೂ ಇದು ನಾಳದ್ದು, ಇದು ಮೂಳೆಯದ್ದು, ಇದು ಯಾವುದೂ ಅಲ್ಲ ಎಂದು ಬೇರ್ಪಡಿಸುವ ಕೆಲಸಕ್ಕೆ ಸೆಗ್ಮೆಂಟೇಶನ್ ಎಂದು ಹೆಸರು. 2015ರಲ್ಲಿ ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಯು-ನೆಟ್ ಎಂಬ ನ್ಯೂರಲ್ ನೆಟ್‌ವರ್ಕ್ ಈ ಕೆಲಸಕ್ಕೆ ದಾರಿ ಮಾಡಿಕೊಟ್ಟಿತು. ಅದರ ಒಂದು ಭಾಗ ಚಿತ್ರವನ್ನು ಕುಗ್ಗಿಸುತ್ತಾ ಹೋಗಿ ಇಡೀ ಸನ್ನಿವೇಶವನ್ನು ಗ್ರಹಿಸುತ್ತದೆ. ಇನ್ನೊಂದು ಭಾಗ ಮತ್ತೆ ಹಿಗ್ಗಿಸುತ್ತಾ ಬಂದು ಪ್ರತಿ ಬಿಂದುವಿಗೂ ಉತ್ತರ ಕೊಡುತ್ತದೆ. ಪರಿಣತರು ಗುರುತು ಹಾಕಿಕೊಟ್ಟ ಸ್ಕ್ಯಾನುಗಳನ್ನು ತೋರಿಸಿ, ತಪ್ಪಿದಾಗಲೆಲ್ಲ ಒಳಗಿನ ಅಂಕಿಗಳನ್ನು ತುಸು ತುಸುವೇ ತಿದ್ದುತ್ತಾ ಹೋದರೆ ನೆಟ್‌ವರ್ಕ್ ಕಲಿಯುತ್ತದೆ. “ಕರೊನರಿ ನಾಳ ಇಲ್ಲಿರುತ್ತದೆ” ಎಂಬ ನಿಯಮವನ್ನು ಯಾರೂ ಬರೆದುಕೊಡುವುದಿಲ್ಲ.

ಒಂದು ಸೂಚನೆಯಿಂದ ಏನಾಯಿತು

ಯಂತ್ರ ಸರಿಯಾಗಿ ಓದಿದರೆ ರೋಗಿಗೆ ಏನಾದರೂ ಪ್ರಯೋಜನ ಆಗುತ್ತದೆಯೇ? ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದ ನೋಟಿಫೈ-1 ಎಂಬ ಪ್ರಯೋಗ ಇದನ್ನೇ ನೋಡಿತು. ಬೇರೆ ಕಾರಣಕ್ಕೆ ಎದೆಯ ಸಿಟಿ ಮಾಡಿಸಿದ್ದ, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳದ ಜನರ ಹಳೆಯ ಸ್ಕ್ಯಾನುಗಳನ್ನು ಡೀಪ್ ಲರ್ನಿಂಗ್ ಸಾಫ್ಟ್‌ವೇರ್ ಓದಿತು. ಅದು ಕ್ಯಾಲ್ಸಿಯಂ ಇದೆ ಎಂದವರಲ್ಲಿ ಪ್ರಯೋಗಕ್ಕೆ ಹೊಂದುವ 194 ಜನರ ಚಿತ್ರಗಳನ್ನು ರೇಡಿಯಾಲಜಿಸ್ಟ್ ಮತ್ತೆ ನೋಡಿ, 173ಕ್ಕೆ ಮಾತ್ರ ಹೌದು ಎಂದರು. ಉಳಿದ 21 ಕಡೆ ಮನುಷ್ಯನ ಕಣ್ಣು ಯಂತ್ರದ ಮಾತನ್ನು ಒಪ್ಪಲಿಲ್ಲ.

ಆ 173 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೂ ಅವರ ಡಾಕ್ಟರಿಗೂ ಅವರದೇ ಸ್ಕ್ಯಾನಿನ ಚಿತ್ರದ ಸಮೇತ ಸೂಚನೆ ಹೋಯಿತು. ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆ. ಆರು ತಿಂಗಳ ನಂತರ ನೋಡಿದರೆ, ಸೂಚನೆ ಹೋದವರಲ್ಲಿ 51.2 ಶೇಕಡಾ ಜನರಿಗೆ ಸ್ಟ್ಯಾಟಿನ್ ಬರೆದುಕೊಡಲಾಗಿತ್ತು. ಹೋಗದವರಲ್ಲಿ 6.9 ಶೇಕಡಾ. ಈ ಪ್ರಯೋಗ ಅಳೆದದ್ದು ಔಷಧಿ ಚೀಟಿಗಳನ್ನು, ತಪ್ಪಿದ ಹೃದಯಾಘಾತಗಳನ್ನಲ್ಲ. ಆದರೂ ಮೊದಲೇ ಇದ್ದ ಚಿತ್ರವನ್ನು ಯಾರಾದರೂ ಓದಿ ಹೇಳಿದರೆ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಕೆಲಸವನ್ನು ಪೂರ್ತಿ ಮಾಡಿದ್ದು ನೆಟ್‌ವರ್ಕ್ ಒಂದೇ ಅಲ್ಲ. ನೆಟ್‌ವರ್ಕ್, ರೇಡಿಯಾಲಜಿಸ್ಟ್ ಮತ್ತು ಆ ಸೂಚನೆ, ಮೂರೂ ಸೇರಿ.

ಸೊನ್ನೆ ಬಂದರೆ ನಿಶ್ಚಿಂತೆಯೇ?

ಹೊಸದಾಗಿ ಕಟ್ಟಿದ ಜಿಡ್ಡು ಮೆತ್ತಗಿರುತ್ತದೆ, ಅದರಲ್ಲಿ ಕ್ಯಾಲ್ಸಿಯಂ ಇರುವುದಿಲ್ಲ. ಮಧ್ಯವಯಸ್ಸು ದಾಟಿದವರಿಗೆ ಸೊನ್ನೆ ಸ್ಕೋರು ಒಳ್ಳೆಯ ಸುದ್ದಿಯೇ. ಮೂವತ್ತೈದರ ಧೂಮಪಾನಿಗೆ ಅಷ್ಟು ಧೈರ್ಯ ಹೇಳಲಾಗದು. ಮೆತ್ತನೆಯ ಜಿಡ್ಡು ಕಾಣಬೇಕಾದರೆ ಅಯೋಡಿನ್ ಇರುವ ದ್ರಾವಣವನ್ನು ರಕ್ತಕ್ಕೆ ಚುಚ್ಚಿ, ಮಾತ್ರೆ ಕೊಟ್ಟು ಹೃದಯ ಬಡಿತ ಇಳಿಸಿ, ಸಿಟಿ ಆಂಜಿಯೋಗ್ರಾಂ ಮಾಡಬೇಕು.

ಅಲ್ಲಿಯೂ ಮಷೀನ್ ಲರ್ನಿಂಗ್ ಬಂದಿದೆ. ಹಾರ್ಟ್‌ಫ್ಲೋ ಎಂಬ ಅಮೆರಿಕದ ಕಂಪನಿ ಸಿಟಿ ಚಿತ್ರದಿಂದ ನಾಳಗಳ ಮಾದರಿ ಕಟ್ಟಿ, ಅದರಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂದು ಲೆಕ್ಕ ಹಾಕುತ್ತದೆ. ಅದಕ್ಕೆ ಅಮೆರಿಕದ ಎಫ್‌ಡಿಎ 2014ರಲ್ಲೇ ಒಪ್ಪಿಗೆ ಕೊಟ್ಟಿತು. ಆಕ್ಸ್‌ಫರ್ಡ್‌ನ ಪ್ರೊಫೆಸರ್ ಕ್ಯಾರಲಾಂಬೊಸ್ ಆಂಟೊನಿಯಾಡಿಸ್ ಅವರ ತಂಡ ನೋಡಿದ್ದು ನಾಳದ ಹೊರಗಿನ ಕೊಬ್ಬನ್ನು. ನಾಳದ ಗೋಡೆಯಲ್ಲಿ ಉರಿಯೂತ ಇದ್ದರೆ ಪಕ್ಕದ ಕೊಬ್ಬು ತುಸು ನೀರಾಗುತ್ತದೆ, ಅದರ ಅಂಕಿ ಮೈನಸ್ಸಿನಿಂದ ಸೊನ್ನೆಯ ಕಡೆಗೆ ಸರಿಯುತ್ತದೆ. ಬರಿಗಣ್ಣಿಗೆ ಕಾಣದ ವ್ಯತ್ಯಾಸ ಇದು. ಬ್ರಿಟನ್ನಿನ 40,000ಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ ಇವರ ಅಧ್ಯಯನ 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅದರಲ್ಲೊಂದು ಅಂಕಿ ಮನಸ್ಸಿಗೆ ನಾಟುತ್ತದೆ. ಹೃದಯದ ಕಾರಣಕ್ಕೆ ಸತ್ತವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನರಿಗೆ “ದೊಡ್ಡ ಅಡಚಣೆ ಇಲ್ಲ” ಎಂದೇ ಸ್ಕ್ಯಾನ್ ವರದಿ ಬಂದಿತ್ತು. ಸ್ಕ್ಯಾನ್ ಮಾಡಿಸಿದವರಲ್ಲಿ 80 ಶೇಕಡಾಕ್ಕೂ ಹೆಚ್ಚು ಮಂದಿ ಆ ಗುಂಪಿನವರೇ. ಒಬ್ಬೊಬ್ಬರ ಅಪಾಯ ಕಡಿಮೆಯಿದ್ದರೂ ಗುಂಪು ದೊಡ್ಡದಾದ್ದರಿಂದ ಸಾವಿನ ಲೆಕ್ಕವೂ ದೊಡ್ಡದಾಯಿತು.

ಯಾರ ಜೊತೆ ನಮ್ಮ ಹೋಲಿಕೆ?

ಕ್ಯಾಲ್ಸಿಯಂ ಸ್ಕೋರಿನ ವರದಿಯಲ್ಲಿ ಕೆಲವೊಮ್ಮೆ ಇನ್ನೊಂದು ಸಾಲು ಇರುತ್ತದೆ: ನಿಮ್ಮ ವಯಸ್ಸಿನವರ ಪೈಕಿ ನೀವು ಇಂಥ ಪರ್ಸೆಂಟೈಲ್‌ನಲ್ಲಿದ್ದೀರಿ ಎಂದು. ಯಾರ ಪೈಕಿ? ಬಹಳವಾಗಿ ಬಳಕೆಯಲ್ಲಿರುವ ಪಟ್ಟಿ ಅಮೆರಿಕದ ಮೆಸಾ ಅಧ್ಯಯನದ್ದು. 2000ದಲ್ಲಿ ಶುರುವಾದ ಅದರಲ್ಲಿ 45ರಿಂದ 84 ವಯಸ್ಸಿನ 6,814 ಜನರಿದ್ದರು. ಬಿಳಿಯರು, ಕಪ್ಪು ಜನಾಂಗದವರು, ಹಿಸ್ಪಾನಿಕ್ ಮೂಲದವರು, ಚೀನೀ ಮೂಲದವರು ಹೀಗೆ ನಾಲ್ಕು ಗುಂಪು. ಭಾರತೀಯರ ಗುಂಪು ಇರಲಿಲ್ಲ, 45ರೊಳಗಿನವರೂ ಇರಲಿಲ್ಲ.

ನಮಗೆ ಬೇಕಾದ ಎರಡೂ ಅಲ್ಲಿಲ್ಲ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದಲ್ಲಿ 53, ಉಳಿದ ಕಡೆ ಸುಮಾರು 59. ಅಮೆರಿಕದಲ್ಲಿರುವ ದಕ್ಷಿಣ ಏಷ್ಯನ್ನರಿಗೆಂದೇ 2010ರಲ್ಲಿ ಮಸಾಲಾ ಎಂಬ ಹೆಸರಿನ ಅಧ್ಯಯನ ಶುರುವಾಯಿತು, ಮೊದಲಿಗೆ 906 ಜನ. ನಮ್ಮ ಗಂಡಸರ ಕ್ಯಾಲ್ಸಿಯಂ ಬಿಳಿಯ ಗಂಡಸರಷ್ಟೇ ಇದೆ, ಮೆಸಾದ ಉಳಿದ ಮೂರು ಗುಂಪುಗಳಿಗಿಂತ ಹೆಚ್ಚು ಎಂದು ಅದರಿಂದ ತಿಳಿಯಿತು. ಅವರೂ ಮನೆ ಬಿಟ್ಟು ದೂರ ಹೋಗಿ ನೆಲೆಸಿದವರೇ.

ಪಟ್ಟಿಗೆ ಬಂದ ಮಾತೇ ಯಂತ್ರಕ್ಕೂ ಬರುತ್ತದೆ. ಯಾವ ಜನರ, ಯಾವ ಸ್ಕ್ಯಾನರಿನ ಚಿತ್ರ ನೋಡಿ ಕಲಿತಿದೆಯೋ ಆ ಜನರಿಗೆ ಅದು ಚೆನ್ನಾಗಿ ಓದುತ್ತದೆ. ಬೇರೆ ಕಡೆ ತಂದಾಗ ಎಲ್ಲಿ ಎಡವುತ್ತದೆ ಎಂದು ಮೊದಲು ನೋಡಬೇಕು. ಇಲ್ಲಿಯ ಆಸ್ಪತ್ರೆ ಇಂಥ ಸಾಫ್ಟ್‌ವೇರ್ ಕೊಳ್ಳುವಾಗ, ನಮ್ಮವೇ ಸ್ಕ್ಯಾನುಗಳ ಮೇಲೆ ಪರೀಕ್ಷಿಸಿದ್ದೀರಾ ಎಂದು ಮಾರುವವರನ್ನು ಕೇಳುವುದು ಅತಿ ಎನಿಸಬಾರದು. ಪುನೀತ್ ರಾಜ್‌ಕುಮಾರ್ 46ಕ್ಕೇ ತೀರಿಕೊಂಡಾಗ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ನಿಂತ ಸಾಲು ನೆನಪಿರಬಹುದು. ಆ ಸಾಲಿನಲ್ಲಿ ನಿಂತ ವಯಸ್ಸಿನ ಎಷ್ಟೋ ಜನರಿಗೆ ಮೆಸಾ ಪಟ್ಟಿಯಲ್ಲಿ ಸಾಲೇ ಇಲ್ಲ.

ನಾವು ಮಾಡಬಹುದಾದ್ದು

ಸ್ಕ್ಯಾನ್ ಮಾಡಿಸಿದಾಗ ಫಿಲ್ಮು ಸಾಕು ಎನ್ನಬೇಡಿ. ಡೈಕಾಂ ರೂಪದ ಮೂಲ ಫೈಲುಗಳನ್ನು ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಕೇಳಿ ಪಡೆಯಿರಿ. ಆ ಎಂಟು ಕೋಟಿ ಅಂಕಿಗಳು ಇರುವುದು ಅದರಲ್ಲಿ, ಫಿಲ್ಮಿನಲ್ಲಿ ಇರುವುದು ಅವುಗಳ ಫೋಟೋ ಮಾತ್ರ. ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಅಪ್ಪ ಅಮ್ಮನಿಗೆ ಮಾಡಿಸಿದ ಸ್ಕ್ಯಾನನ್ನು ಪುಣೆಯ ಡಾಕ್ಟರಿಗೆ ತೋರಿಸಬೇಕಾದಾಗ ಅದು ಕೆಲಸಕ್ಕೆ ಬರುತ್ತದೆ. ಹಳೆಯ ಸಿಡಿಗಳು ಹಾಳಾಗುವ ಮುಂಚೆ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಿ.

ಹೃದಯದ ತೊಂದರೆ ಈಗಾಗಲೇ ಗೊತ್ತಿರುವವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಕ್ಯಾಲ್ಸಿಯಂ ಸ್ಕೋರಿನಿಂದ ಹೊಸದೇನೂ ತಿಳಿಯದು. ಎದೆನೋವು ಬಂದಾಗ ಇದು ಪರೀಕ್ಷೆಯೇ ಅಲ್ಲ, ಸೀದಾ ತುರ್ತು ಚಿಕಿತ್ಸೆಗೆ ಹೋಗಬೇಕು. ಸ್ಟ್ಯಾಟಿನ್ ಬೇಕೋ ಬೇಡವೋ ಎಂಬ ಅನುಮಾನ ಇರುವ ನಲವತ್ತು ದಾಟಿದವರಿಗೆ, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದ ಚರಿತ್ರೆ ಇರುವವರಿಗೆ ಇದರಿಂದ ಅನುಕೂಲ. ಅಂಥವರ ಹತ್ತಿರ 2021ರ ಎದೆಯ ಸ್ಕ್ಯಾನ್ ಇದ್ದರೆ, ಹೊಸದಾಗಿ ಮಾಡಿಸುವ ಮೊದಲು ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಅದನ್ನೇ ಒಯ್ದು ಒಂದು ಪ್ರಶ್ನೆ ಕೇಳಬಹುದು: “ಇದರಲ್ಲಿ ಕರೊನರಿ ಕ್ಯಾಲ್ಸಿಯಂ ಕಾಣುತ್ತಿದೆಯೇ?” ಅದನ್ನು ನೋಡಿ ಹೇಳಲು ರೇಡಿಯಾಲಜಿಸ್ಟಿಗೆ ಹೆಚ್ಚು ಹೊತ್ತು ಬೇಕಾಗದು, ಸಾಫ್ಟ್‌ವೇರ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ.